ರಕ್ತ ಪರೀಕ್ಷೆ ಇಬ್ಬರಿಗೂ ಆಗಲಿ

ಮ್ಯಾಂಚೆಸ್ಟರ್‌ನಲ್ಲಿ ನಾನು ನರ್ಸ್ ಆಗಿ ಕೆಲಸ ಮಾಡುವ ಕ್ಲಿನಿಕ್ ಪೇಟೆಯ ನಡುವೆಯೇ ಇದೆ. ಒಂದು ಪಕ್ಕ ಬೇಕರಿ, ಇನ್ನೊಂದು ಪಕ್ಕ ಕನ್ನಡಕದ ಅಂಗಡಿ. ಲೈಂಗಿಕ ಆರೋಗ್ಯ ಕ್ಲಿನಿಕ್ ಅಂತ ದೊಡ್ಡ ಅಕ್ಷರದ ಬೋರ್ಡು. ಜನ ಹಾಡುಹಗಲೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾರೆ. ಕಾಲೇಜು ಹುಡುಗ ಹುಡುಗಿಯರು, ಕೆಲಸದ ಬಟ್ಟೆಯಲ್ಲೇ ಬರುವ ಬಸ್ ಡ್ರೈವರುಗಳು, ಅರವತ್ತು ದಾಟಿ ಎರಡನೇ ಮದುವೆಗೆ ಹೊರಟವರು. ಅವರಲ್ಲಿ ಎಷ್ಟೋ ಜನಕ್ಕೆ ಯಾವ ತೊಂದರೆಯೂ ಇರುವುದಿಲ್ಲ. ಚೆಕ್ ಮಾಡಿಸಿ ಬಹಳ ದಿನ ಆಯ್ತು ಅಂತಾರೆ, ಅಷ್ಟೇ.

ನಮ್ಮೂರು ಜಮಖಂಡಿ ಕಡೆ. ನರ್ಸಿಂಗ್ ಓದಿದ್ದು ಬೆಳಗಾವಿಯಲ್ಲಿ. ಊರಿಗೆ ಫೋನ್ ಮಾಡಿದಾಗ "ಯಾವ ವಾರ್ಡಿನ್ಯಾಗ ಅದೀವಾ?" ಅಂತ ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತು ನಿಲ್ಲುತ್ತದೆ. ಆಮೇಲೆ ದನಿ ತಗ್ಗಿಸಿ ಒಂದು ಪ್ರಶ್ನೆ ಬರುತ್ತದೆ. ಅತ್ತಿಗೆ, ಚಿಕ್ಕಮ್ಮನ ಮಗಳು, ಓಣಿಯ ಗೆಳತಿ, ಹೀಗೆ ಎಲ್ಲರ ಹತ್ತಿರವೂ ಕೇಳುವುದಕ್ಕೆ ಏನೋ ಒಂದು ಇದೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯ ರೋಗಿಗಳ ಕಥೆ ಮಾತ್ರ ಹೇಳುವುದಿಲ್ಲ. ಅದು ಕೆಲಸದ ನಿಯಮ, ನನ್ನ ಮನಸ್ಸಿನ ನಿಯಮವೂ ಹೌದು.

ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗಗಳಲ್ಲಿ ಬಹಳಷ್ಟು ಹೊರಗೆ ಕಾಣುವುದೇ ಇಲ್ಲ. ಕ್ಲಮಿಡಿಯಾ ಅನ್ನುವ ಸೋಂಕು ಅಂಟಿದ ಹೆಚ್ಚಿನ ಹೆಂಗಸರಿಗೆ, ಸುಮಾರು ಅರ್ಧದಷ್ಟು ಗಂಡಸರಿಗೆ ಏನೂ ಗೊತ್ತಾಗುವುದಿಲ್ಲ. ನೋವಿಲ್ಲ, ಉರಿಯಿಲ್ಲ. ಒಳಗೊಳಗೇ ಅದು ಗರ್ಭನಾಳಕ್ಕೆ ಏರಿ ಗಾಯ ಮಾಡಬಹುದು. ಮಕ್ಕಳಾಗಲಿಲ್ಲ ಅಂತ ಡಾಕ್ಟರ ಹತ್ತಿರ ಹೋದಾಗಲೇ ಕೆಲವರಿಗೆ ಅದರ ಸುಳಿವು ಸಿಗುವುದು. ಸಿಫಿಲಿಸ್ ಇನ್ನೂ ಮೋಸದ್ದು. ಮೊದಲು ನೋವಿಲ್ಲದ ಒಂದು ಹುಣ್ಣು ಆಗುತ್ತದೆ. ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ವಾಸಿಯಾಯಿತು ಅಂತ ಮನುಷ್ಯ ಸುಮ್ಮನಾಗುತ್ತಾನೆ. ರೋಗ ರಕ್ತದಲ್ಲಿ ಉಳಿದಿರುತ್ತದೆ. ವರ್ಷಗಟ್ಟಲೆ ಇದ್ದು ಹೃದಯಕ್ಕೆ, ಮೆದುಳಿಗೆ ಕೈ ಹಾಕಬಹುದು. ಎಚ್‌ಐವಿ ಕೂಡ ಹಾಗೆಯೇ, ಹಲವು ವರ್ಷ ಸುಳಿವು ಕೊಡದೆ ಇರಬಲ್ಲದು. "ನನಗೆ ಏನೂ ಆಗಿಲ್ಲ" ಅನ್ನುವ ಮಾತು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆ ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ಗುಣವಾಗಬಲ್ಲ ಲೈಂಗಿಕ ಸೋಂಕುಗಳೇ ಜಗತ್ತಿನಲ್ಲಿ ದಿನಕ್ಕೆ 10 ಲಕ್ಷಕ್ಕಿಂತ ಜಾಸ್ತಿ ಹೊಸದಾಗಿ ಅಂಟುತ್ತಿವೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಣವಾಗಬಲ್ಲವು ಅನ್ನುವುದನ್ನು ಗಮನಿಸಿ. ಶುರುವಿನಲ್ಲೇ ಸಿಕ್ಕ ಸಿಫಿಲಿಸ್‌ಗೆ ಪೆನ್ಸಿಲಿನ್‌ನ ಒಂದು ಡೋಸ್ ಸಾಕು. ಕ್ಲಮಿಡಿಯಾ ಗುಳಿಗೆಗೆ ಹೋಗುತ್ತದೆ. ಎಚ್‌ಐವಿ ಪೂರ್ತಿ ಹೋಗುವುದಿಲ್ಲ. ಆದರೆ ದಿನಾ ಔಷಧ ತೆಗೆದುಕೊಂಡು, ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಕೂಡಿದಾಗಲೂ ಅದು ಇನ್ನೊಬ್ಬರಿಗೆ ಅಂಟುವುದಿಲ್ಲ. ಇದನ್ನು ಊರಿನಲ್ಲಿ ಹೇಳಿದರೆ ಇವತ್ತಿಗೂ ನಂಬದವರೇ ಜಾಸ್ತಿ. ದಯವಿಟ್ಟು ನಂಬಿ, ಇದು ಗಟ್ಟಿಯಾಗಿ ಸಾಬೀತಾದ ವಿಷಯ.

ಇಲ್ಲಿಯ ಜನ ನಾಚಿಕೆ ಇಲ್ಲದವರು, ಅದಕ್ಕೇ ಹೀಗೆ ಪರೀಕ್ಷೆಗೆ ಬರುತ್ತಾರೆ ಅಂತ ನಮ್ಮ ಕಡೆ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ನೂರು ವರ್ಷದ ಹಿಂದೆ ಇವರೂ ಇದನ್ನು ಮುಚ್ಚಿಡುತ್ತಿದ್ದರು, ನಾಟಿ ವೈದ್ಯರ ಬಾಗಿಲಿಗೆ ಅಲೆಯುತ್ತಿದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ರೋಗ ಕೈಮೀರಿತು. 1916ರಲ್ಲಿ ಹೆಸರು ಗುಟ್ಟಾಗಿಟ್ಟು, ಹಣ ಕೇಳದೆ ಚಿಕಿತ್ಸೆ ಕೊಡುವ ವ್ಯವಸ್ಥೆ ಶುರುವಾಯಿತು. 1917ರ ಕಾನೂನು ಡಾಕ್ಟರ್ ಅಲ್ಲದವರು ಈ ರೋಗಕ್ಕೆ ಔಷಧ ಕೊಡುವುದನ್ನು, ಜಾಹೀರಾತು ಹಾಕುವುದನ್ನು ತಡೆಯಿತು. ನಮ್ಮ ಬಸ್ ಸ್ಟ್ಯಾಂಡುಗಳ ಗೋಡೆ ಮೇಲೆ "ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ, ಇಂಥ ತಾರೀಕು ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ" ಅನ್ನುವ ಪೋಸ್ಟರ್ ನೀವು ನೋಡಿದ್ದೀರಿ ಅಲ್ವಾ? ಅಂಥ ಜಾಹೀರಾತಿಗೆ ನಮ್ಮಲ್ಲೂ 1954ರ ಕಾನೂನಿನ ತಡೆ ಇದೆ. ಪೋಸ್ಟರ್ ಮಾತ್ರ ಹೋಗಿಲ್ಲ. ಆ ಲಾಡ್ಜಿನ ಮೆಟ್ಟಿಲು ಹತ್ತಿದವರಿಗೆ ರಕ್ತ ಪರೀಕ್ಷೆ ಮಾಡಿಸು ಅಂತ ಯಾರೂ ಹೇಳುವುದಿಲ್ಲ, ಹಣ ಹೋಗುತ್ತದೆ, ರೋಗ ಉಳಿಯುತ್ತದೆ. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇಲ್ಲಿ ನಾಚಿಕೆ ಕಡಿಮೆಯಾದದ್ದು ಬುದ್ಧಿ ಹೇಳಿದ್ದರಿಂದ ಅಲ್ಲ, ದಾರಿ ಸುಲಭ ಮಾಡಿದ್ದರಿಂದ. ನಮ್ಮ ಕ್ಲಿನಿಕ್‌ನಲ್ಲಿ ಪರೀಕ್ಷೆಗೂ ಔಷಧಕ್ಕೂ ಹಣವಿಲ್ಲ. ವೀಸಾ ಯಾವುದು ಅಂತ ನೋಡುವುದಿಲ್ಲ. ಓದಲು ಬಂದಿರುವ ನಮ್ಮ ಹುಡುಗರೇ, ಇದು ನಿಮಗೂ ಇದೆ. ನಿಮ್ಮ ಮನೆಗಾಗಲಿ, ಕಾಲೇಜಿಗಾಗಲಿ ಸುದ್ದಿ ಹೋಗುವುದಿಲ್ಲ. ಕ್ಲಿನಿಕ್‌ಗೆ ಬರುವುದು ಬೇಡ ಅನಿಸಿದರೆ ಎಷ್ಟೋ ಕಡೆ ಸಾದಾ ಲಕೋಟೆಯಲ್ಲಿ ಕಿಟ್ ಮನೆಗೆ ಬರುತ್ತದೆ. ಬೆರಳು ಚುಚ್ಚಿ ಪುಟ್ಟ ಟ್ಯೂಬಿಗೆ ರಕ್ತ ತುಂಬಿ, ಜೊತೆಗೆ ಮೂತ್ರ ಅಥವಾ ಸ್ವಾಬ್ (ಹತ್ತಿಯ ಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿ) ಇಟ್ಟು ಅಂಚೆ ಡಬ್ಬಿಗೆ ಹಾಕಿದರೆ ಆಯಿತು. ಫಲಿತಾಂಶ ಮೊಬೈಲಿಗೆ ಬರುತ್ತದೆ. 2022ರಿಂದ ಮ್ಯಾಂಚೆಸ್ಟರ್‌ನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ಬೇರೆ ಕಾರಣಕ್ಕೆ ರಕ್ತ ತೆಗೆದರೂ, ಬೇಡ ಅನ್ನದಿದ್ದರೆ ಎಚ್‌ಐವಿಯನ್ನೂ ನೋಡುತ್ತಾರೆ. ಕಾಲು ಮುರಿದು ಬಂದವರಿಗೂ, ಎದೆನೋವು ಅಂತ ಬಂದವರಿಗೂ ಒಂದೇ ನಿಯಮ. ನಿನ್ನನ್ನು ಯಾಕೆ ಆರಿಸಿದರು ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಈ ಯೋಚನೆ ನನಗೆ ತುಂಬಾ ಹಿಡಿಸಿದೆ.

ಹಾಗಾದರೆ ನಮ್ಮಲ್ಲಿ ಏನೂ ಇಲ್ಲವಾ? ಇದೆ. ಅದನ್ನು ಹೇಳಬೇಕೆಂದೇ ಇಷ್ಟೆಲ್ಲ ಬರೆದೆ.

ಬೆಳಗಾವಿಯಲ್ಲಿ ಓದುವಾಗ ಹೆರಿಗೆ ವಾರ್ಡಿನಲ್ಲಿ ಡ್ಯೂಟಿ ಇರುತ್ತಿತ್ತು. ಗೋಕಾಕ, ರಾಯಬಾಗ, ಸವದತ್ತಿ ಕಡೆಯ ಹೆಣ್ಣುಮಕ್ಕಳು ತಾಯಿ ಕಾರ್ಡ್ ಹಿಡಿದುಕೊಂಡು ಬರುತ್ತಿದ್ದರು. ರಕ್ತದ ಗುಂಪು, ಹಿಮೋಗ್ಲೋಬಿನ್, ಎಚ್‌ಐವಿ, ಸಿಫಿಲಿಸ್, ಎಲ್ಲ ಬರೆದಿರಬೇಕು. ಒಬ್ಬ ಗರ್ಭಿಣಿಯನ್ನು ನಾನು "ಅಕ್ಕಾರ, ನಿಮ್ಮ ಯಜಮಾನ್ರದು ಮಾಡಿಸೀರೇನು?" ಅಂತ ಕೇಳಿದೆ. ಆಕೆಗೆ ಆಶ್ಚರ್ಯ. "ಅವರಿಗ್ಯಾಕ್ರೀ? ಬಸುರಿ ನಾನದೀನಲ್ರೀ" ಅಂದಳು.

ನಮ್ಮ ಕಡೆಯ ಸ್ಥಿತಿ ಇದೇ. ಹೆಣ್ಣಿಗೆ ಬಸುರಿಯಾದಾಗ ಪರೀಕ್ಷೆ ಆಗುತ್ತದೆ. ಗಂಡಿಗೆ ಯಾವಾಗಲೂ ಆಗುವುದಿಲ್ಲ. ಬಸಿರಿನಲ್ಲಿ ಪರೀಕ್ಷೆ ಮಾಡುವುದು ಒಳ್ಳೆಯದೇ. ತಾಯಿಗೆ ಎಚ್‌ಐವಿ ಇದ್ದು ಔಷಧ ಸಿಗದಿದ್ದರೆ 100ರಲ್ಲಿ 15ರಿಂದ 45 ಮಕ್ಕಳಿಗೆ ಅದು ದಾಟಬಹುದು. ಸರಿಯಾಗಿ ಔಷಧ ಕೊಟ್ಟರೆ 5ಕ್ಕಿಂತ ಕಡಿಮೆ. ಸಿಫಿಲಿಸ್‌ಗೆ ಚಿಕಿತ್ಸೆ ಆಗದಿದ್ದರೆ ಕೂಸು ಹೊಟ್ಟೆಯಲ್ಲೇ ತೀರಿಕೊಳ್ಳಬಹುದು. ಆದರೆ ಆ ಒಂದು ಪರೀಕ್ಷೆ ಸಾಕಾಗುವುದಿಲ್ಲ. ಎರಡನೇ ತಿಂಗಳಲ್ಲಿ ಆಕೆಯ ರಕ್ತ ಚೆನ್ನಾಗಿದೆ ಅಂತ ಬಂತು, ಐದನೇ ತಿಂಗಳಲ್ಲಿ ಗಂಡನಿಂದ ಅಂಟಿತು ಅಂದುಕೊಳ್ಳಿ. ಯಾರಿಗೆ ಗೊತ್ತಾಗುತ್ತದೆ? ಇನ್ನೂ ಕೆಟ್ಟದ್ದು ಏನೆಂದರೆ, ಮೊದಲು ಪರೀಕ್ಷೆ ಆಗುವುದು ಆಕೆಗೇ, ಮೊದಲು ಕಾಗದ ಬರುವುದು ಆಕೆಯ ಹೆಸರಿಗೇ. ಹಾಗಾಗಿ ಮನೆಯೊಳಗೆ ರೋಗ ತಂದವಳು ಆಕೆಯೇ ಅಂತ ಆಗಿಬಿಡುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರೂ ಜಿಲ್ಲೆಯ ಜನ ದುಡಿಮೆಗೆ ಹೊರಗೆ ಹೋಗುವುದು ಜಾಸ್ತಿ. ವಿಜಯಪುರ, ಬಾಗಲಕೋಟೆಯವರು ಗೋವಾ, ಮಂಗಳೂರು, ಪುಣೆ, ಮುಂಬೈ ಅಂತ ಹೋಗುತ್ತಾರೆ. ಕಬ್ಬು ಕಡಿಯಲು ಗುಂಪಾಗಿ ಹೊರಡುತ್ತಾರೆ. ನಿಪ್ಪಾಣಿ, ಬೆಳಗಾವಿ ಹೆದ್ದಾರಿಯ ಲಾರಿಗಳಲ್ಲಿ ತಿಂಗಳುಗಟ್ಟಲೆ ಇರುವವರಿದ್ದಾರೆ. ಹೊರಗೆ ಹೋದವರೆಲ್ಲ ತಪ್ಪು ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ, ಹೇಳುವುದೂ ಇಲ್ಲ. ನಾನೂ ಹೊರಗೆ ಬಂದವಳೇ. ಆದರೆ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಬಹಳ ದಿನ ಇದ್ದಾಗ ಮನೆಗೆ ಬಂದ ಕೂಡಲೇ ಒಂದು ಪರೀಕ್ಷೆ ಅನ್ನುವುದು ಬಿಪಿ, ಶುಗರ್ ನೋಡಿಸಿಕೊಳ್ಳುವಷ್ಟು ಮಾಮೂಲಾಗಬೇಕು. ಅನುಮಾನ ಬಂದದ್ದಕ್ಕೆ ಅಲ್ಲ, ಊರಿಗೆ ಬಂದದ್ದಕ್ಕೆ.

ಇನ್ನೊಂದು ಮಾತು, ಅಕ್ಕ ತಂಗಿಯರಿಗೆ. ಬಿಳಿ ಮುಟ್ಟು, ಕಿಬ್ಬೊಟ್ಟೆ ನೋವು, ಉರಿ ಅಂತ ವರ್ಷಗಟ್ಟಲೆ ಸಹಿಸಿಕೊಳ್ಳುವವರು ನಮ್ಮಲ್ಲಿ ಎಷ್ಟೋ ಜನ. ಅದು ಯಾವಾಗಲೂ ಅಂಟುರೋಗ ಅಲ್ಲ, ಸುಮ್ನೆ ಹೆದರಬೇಡಿ. ಆದರೆ ಅಂಟಿದ್ದೇ ಆಗಿದ್ದರೆ ನೀವೊಬ್ಬರೇ ಗುಳಿಗೆ ನುಂಗಿ ಪ್ರಯೋಜನವಿಲ್ಲ. ಗಂಡನಿಗೆ ಚಿಕಿತ್ಸೆ ಆಗದಿದ್ದರೆ ತಿಂಗಳೊಪ್ಪತ್ತಿನಲ್ಲಿ ಮತ್ತೆ ಬರುತ್ತದೆ. ಸರ್ಕಾರದ ವ್ಯವಸ್ಥೆಯಲ್ಲಿ ಇದಕ್ಕೆಂದೇ ಬೇರೆ ಬೇರೆ ಬಣ್ಣದ ಔಷಧ ಕಿಟ್‌ಗಳಿವೆ. ಗೊನೊರಿಯಾ ಅನ್ನುವ ಇನ್ನೊಂದು ಸೋಂಕಿಗೆ, ಕ್ಲಮಿಡಿಯಾಕ್ಕೆ ಬೂದು ಬಣ್ಣದ್ದು. ಸಂಗಾತಿಗೂ ಕೊಡಬೇಕು ಅನ್ನುವುದು ಅದರ ನಿಯಮದಲ್ಲೇ ಇದೆ. ಕೇಳಿ ಪಡೆಯಿರಿ. ಮೆಡಿಕಲ್ ಶಾಪಿನಲ್ಲಿ ನಿಂತು ಅರ್ಧ ಡೋಸ್ ತಂದು ನುಂಗಬೇಡಿ. ಗೊನೊರಿಯಾ ಈಗಾಗಲೇ ಹಲವು ಔಷಧಗಳಿಗೆ ಬಗ್ಗದಂತೆ ಆಗಿದೆ.

ನಮ್ಮ ವ್ಯವಸ್ಥೆಯಲ್ಲಿ ಕೊರತೆಯೂ ಇದೆ. ಹಳ್ಳಿ, ತಾಲ್ಲೂಕು ಮಟ್ಟದಲ್ಲಿ ಕ್ಲಮಿಡಿಯಾ, ಗೊನೊರಿಯಾವನ್ನು ಸಾಮಾನ್ಯವಾಗಿ ಲಕ್ಷಣ ನೋಡಿ ಗುರುತಿಸುತ್ತಾರೆ, ಇಲ್ಲಿಯ ಹಾಗೆ ಸ್ವಾಬ್ ಪರೀಕ್ಷೆ ಎಲ್ಲರಿಗೂ ಇಲ್ಲ. ಲಕ್ಷಣ ಇಲ್ಲದವರು ತಪ್ಪಿಹೋಗುತ್ತಾರೆ. ಅನುಕೂಲ ಇರುವವರು ಡಾಕ್ಟರನ್ನು ಕೇಳಿ ದೊಡ್ಡ ಲ್ಯಾಬ್‌ನಲ್ಲಿ ಮಾಡಿಸಬಹುದು. ಎಚ್‌ಐವಿ, ಸಿಫಿಲಿಸ್‌ಗೆ ಮಾತ್ರ ನೆಪ ಹೇಳುವಂತಿಲ್ಲ. ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಐಸಿಟಿಸಿ ಅನ್ನುವ ಕೇಂದ್ರ ಇದೆ. ಅಲ್ಲಿ ಎಚ್‌ಐವಿ ಪರೀಕ್ಷೆಗೆ ಹಣವಿಲ್ಲ. ಮೊದಲು ಕೌನ್ಸೆಲರ್ ಕೂರಿಸಿಕೊಂಡು ಮಾತಾಡುತ್ತಾರೆ, ಆಮೇಲೆ ರಕ್ತ. ಮೊದಲ ಕಿಟ್‌ನಲ್ಲಿ ಪಾಸಿಟಿವ್ ಅಂತ ತೋರಿಸಿದರೆ ಇನ್ನೆರಡು ಬೇರೆ ಕಿಟ್‌ಗಳಲ್ಲಿ ನೋಡದೆ ಫಲಿತಾಂಶ ಹೇಳುವುದಿಲ್ಲ. ಎಚ್‌ಐವಿ ಔಷಧ ನಮ್ಮ ದೇಶದಲ್ಲಿ 2004ರಿಂದ ಸರ್ಕಾರಿ ಕೇಂದ್ರಗಳಲ್ಲಿ ಉಚಿತ.

ಗುಟ್ಟು ಉಳಿಯುತ್ತದಾ ಅನ್ನುವುದೇ ನನಗೆ ಜಾಸ್ತಿ ಬರುವ ಪ್ರಶ್ನೆ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ನಿಮ್ಮ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ನಿಮ್ಮ ಫಲಿತಾಂಶವನ್ನು ಊರಿಗೆ ಹೇಳುವಂತಿಲ್ಲ, ಎಚ್‌ಐವಿ ಇದೆ ಅನ್ನುವ ಒಂದೇ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಕಾನೂನು ಕಾಗದದಲ್ಲಿದ್ದರೆ ಆಯಿತಾ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಕಾನೂನು ಗೊತ್ತಿದ್ದವರ ಎದುರು ಸಿಬ್ಬಂದಿಯೂ ಜೋಪಾನವಾಗಿರುತ್ತಾರೆ, ಅದಕ್ಕೇ ಹೇಳಿದೆ.

ಎಷ್ಟು ದಿನಕ್ಕೊಮ್ಮೆ? ಇಲ್ಲಿ 25ರೊಳಗಿನ ಹೆಣ್ಣುಮಕ್ಕಳಿಗೆ ಕ್ಲಮಿಡಿಯಾ ಪರೀಕ್ಷೆ ವರ್ಷಕ್ಕೊಮ್ಮೆ, ಸಂಗಾತಿ ಬದಲಾದಾಗ ಮತ್ತೆ ಅಂತ ಹೇಳುತ್ತೇವೆ. ನಮ್ಮ ಕಡೆಯವರಿಗೆ ನನ್ನ ಲೆಕ್ಕ ಹೀಗಿದೆ. ಮದುವೆ ಗೊತ್ತಾದಾಗ ಹುಡುಗ, ಹುಡುಗಿ ಇಬ್ಬರೂ. ಮಗು ಬೇಕು ಅಂದಾಗ ಇಬ್ಬರೂ. ದೂರದಲ್ಲಿ ದುಡಿಯುವವರ ಮನೆಯಲ್ಲಿ ವರ್ಷಕ್ಕೊಮ್ಮೆ ಇಬ್ಬರೂ. ಒಬ್ಬರಿಗಿಂತ ಜಾಸ್ತಿ ಜನರ ಜೊತೆ ಸಂಬಂಧ ಇರುವವರು ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ, ನಿರೋಧ್ ಬಳಸುತ್ತಿದ್ದರೂ. ಮತ್ತೆ, ನಿನ್ನೆ ಏನೋ ಆಯಿತು ಅಂತ ಇವತ್ತು ಪರೀಕ್ಷೆ ಮಾಡಿಸಿ ನಿರಾಳವಾಗಬೇಡಿ. ಇವತ್ತಿನ ರಕ್ತದಲ್ಲಿ ಅದು ಕಾಣುವುದಿಲ್ಲ. ಎಚ್‌ಐವಿಗೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ನಿನ್ನೆ ಮೊನ್ನೆಯದೇ ಆಗಿದ್ದರೆ 72 ಗಂಟೆಯೊಳಗೆ ಡಾಕ್ಟರ ಹತ್ತಿರ ಓಡಿ, ತಡೆಯುವ ಔಷಧ ಇದೆ. ಎಷ್ಟು ಬೇಗ ಶುರು ಮಾಡಿದರೆ ಅಷ್ಟು ಒಳ್ಳೆಯದು.

ನಮ್ಮೂರಿನ ಆಸ್ಪತ್ರೆಯಲ್ಲಿ ಗುರುತಿನವರು ನೋಡುತ್ತಾರೆ ಅನ್ನುವ ಭಯ ಇದ್ದರೆ ಪಕ್ಕದ ಊರಿಗೆ ಹೋಗಿ. ಜಮಖಂಡಿಯವರು ಮುಧೋಳಕ್ಕೆ, ಇಂಡಿಯವರು ವಿಜಯಪುರಕ್ಕೆ ಹೋಗಬಹುದು, ಬೇಡ ಅನ್ನುವವರಿಲ್ಲ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ 1097ಕ್ಕೆ ಫೋನ್ ಮಾಡಿ, ಅದಕ್ಕೂ ಹಣವಿಲ್ಲ. ಕೌನ್ಸೆಲರ್ ಎದುರು ಕೂತಾಗ ಎಚ್‌ಐವಿ ಜೊತೆ ಸಿಫಿಲಿಸ್, ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ಕೂಡ ನೋಡಿ ಅಂತ ಬಾಯಿಬಿಟ್ಟು ಕೇಳಿ. ಜೊತೆಯಲ್ಲಿ ಬಂದ ಯಜಮಾನರು ಹೊರಗಿನ ಬೆಂಚಿನ ಮೇಲೆ ಕೂತಿದ್ದರೆ ಅವರನ್ನೂ ಒಳಗೆ ಕರೆಯಿರಿ.