ದಾ ರಾ ದಾ ರಾ
ಮೂರು ವಾರದಿಂದ ಒಂದೇ ಜಿ ರನ್ ಬಾರಿಸುತ್ತಿದ್ದೇನೆ. ಬ್ಲೂಗ್ರಾಸ್ ಅನ್ನುವ ಅಮೆರಿಕದ ಹಳ್ಳಿಗಾಡಿನ ಸಂಗೀತದ ಹಾಡಿನಲ್ಲಿ ಸಾಲು ಮುಗಿಯುವ ಕಡೆ ಗಿಟಾರ್ ಪುಟ್ಟದಾಗಿ ಓಡಿ ಬಂದು ಜಿ ಸ್ವರದ ಮೇಲೆ ನಿಲ್ಲುತ್ತದಲ್ಲ, ಅದು. 1940ರ ದಶಕದಲ್ಲಿ ಬಿಲ್ ಮನ್ರೋ ತಂಡದಲ್ಲಿ ಲೆಸ್ಟರ್ ಫ್ಲಾಟ್ ಅದನ್ನು ಎಷ್ಟು ಚೆಂದ ಬಾರಿಸಿದರು ಅಂದರೆ, ಈಗಲೂ ಅದನ್ನು ಅವರ ಹೆಸರಿನಿಂದಲೇ ಕರೆಯುವವರಿದ್ದಾರೆ.

ವೇಗ ಸ್ವಲ್ಪ ಜಾಸ್ತಿ ಮಾಡಿದರೆ ಸಾಕು, ನನ್ನ ಪಿಕ್ (ತಂತಿ ಮೀಟುವ ಪುಟ್ಟ ಬಿಲ್ಲೆ) ತಂತಿಗೆ ಸಿಕ್ಕಿಕೊಳ್ಳುತ್ತಿತ್ತು. ಆನ್‌ಲೈನ್ ಕ್ಲಾಸಿನ ಸರ್‌ಗೆ ವಿಡಿಯೋ ಕಳಿಸಿದ್ದೆ, ನಿನ್ನೆ ರಾತ್ರಿ ಉತ್ತರ ಬಂತು. ನಾನು ಇಷ್ಟು ದಿನ ತಿದ್ದುತ್ತಿದ್ದ ಎಡಗೈ ಬಗ್ಗೆ ಒಂದು ಮಾತೂ ಇಲ್ಲ! ಎಲ್ಲಾ ಬಲಗೈದೇ. ತಾಳ ಬೀಳುವಲ್ಲಿ ಪಿಕ್ ಕೆಳಗೆ, ನಡುವಿನ ಸ್ವರಕ್ಕೆ ಮೇಲೆ, ತಂತಿ ಬದಲಿಸುವಾಗ ನೀವು ಎರಡು ಸಲ ಕೆಳಗೇ ಹೊಡೆಯುತ್ತಿದ್ದೀರಿ ಅಂದಿದ್ದರು.

ಬೆಳಿಗ್ಗೆ ತಾಳ ಹಾಕುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಕೂತೆ. ಕೆಳಗಿನ ಮನೆ ಅಜ್ಜಾರು ಸಿತಾರ್ ಕಲಿತವರು (ನಮ್ಮ ಧಾರವಾಡ ಅಲ್ವಾ), ಬಾಗಿಲಲ್ಲಿ ನಿಂತು ಸುಮ್ನೆ ಕೇಳುತ್ತಿದ್ದವರು, "ಇದು ನಮ್ಮ ದಾ ರಾ ದಾ ರಾನ ಅಲ್ಲೇನವಾ? ಬಾಯಿಲೆ ಅನಕೋತ ಬಾರಿಸು" ಅಂದರು. ಸಿತಾರ್‌ನಲ್ಲಿ ಒಂದು ದಿಕ್ಕಿನ ಮೀಟಿಗೆ ದಾ, ಎದುರು ದಿಕ್ಕಿನದಕ್ಕೆ ರಾ ಅನ್ನುವ ಬೋಲು. ಹಾಗೇ ಅಂದುಕೊಳ್ಳುತ್ತಾ ಬಾರಿಸಿದೆ. ಮಣಿಕಟ್ಟು ತಾನೇ ಸಡಿಲವಾಯಿತು. ಮೂರನೇ ತಂತಿಯ ಕೊನೇ ಸ್ವರ ಮೊದಲ ಸಲ ಗಂಟೆ ಹೊಡೆದ ಹಾಗೆ ಬಿಡಿಯಾಗಿ ಕೇಳಿತು.

ಕೆಂಟಕಿ ಕಡೆಯ ಸಂಗೀತದ ಗಂಟು ಸಪ್ತಾಪುರದ ಅಜ್ಜಾರ ಬೋಲಿನಿಂದ ಬಿಚ್ಚಿಕೊಂಡಿದ್ದು ನೆನೆದರೆ ಇನ್ನೂ ಮೈ ಜುಮ್ಮೆನ್ನುತ್ತದೆ. ರಾತ್ರಿ ಹೊಸ ವಿಡಿಯೋ ಕಳಿಸಬೇಕು. ಅದಕ್ಕೂ ಮೊದಲು ಅಜ್ಜಾರಿಗೆ ಒಮ್ಮೆ ಕೇಳಿಸುತ್ತೇನೆ.