ಕೇಳುವ ಚೀಟಿ: ಊರಿನ ಗಾಡಿ, ಹೆಸರು ಮರೆತ ಪುಸ್ತಕ – ಕೆಲಸ ಎಲ್ಲಿಗೆ ಬಂತು

ಮೇ

ಗುರುತಿಲ್ಲದವರಲ್ಲಿ ಸಲಹೆ ಕೇಳುವವರಿಗೆಂದು ಮಾಡುತ್ತಿರುವ ಚೀಟಿಯ ಹೊಸ ನಮೂನೆ ಸಿದ್ಧವಾಗಿದೆ. ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗರು ಕೇಳುವುದು ಹೆಚ್ಚಾಗಿ ಎರಡು ವಿಷಯ: ಊರಿಗೆ ಹೋಗುವ ಗಾಡಿಯ ತೊಡಕು, ಮತ್ತು ಎಂದೋ ಓದಿ ಹೆಸರು ಮರೆತ ಪುಸ್ತಕ. ಎರಡೂ ಪ್ರಶ್ನೆ ಕೆಡುವುದು ಒಂದೇ ಜಾಗದಲ್ಲಿ. ಕಣ್ಣಾರೆ ಕಂಡದ್ದನ್ನು ಬಿಟ್ಟು, ಅದರಿಂದ ತಾವು ಊಹಿಸಿಕೊಂಡದ್ದನ್ನು ಬರೆಯುತ್ತಾರೆ. ಅದಕ್ಕೇ ಚೀಟಿಯ ನಡುವೆ ಈಗ ಒಂದು ಗೆರೆ. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅನಿಸಿದ್ದು’.

‘ಕುರ್ಲಾದಿಂದ ಮಂಗಳೂರು ಗಾಡಿ’ ಎಂದು ಬರೆದರೆ ಸಾಲದು. ಮತ್ಸ್ಯಗಂಧ ಹೊರಡುವುದು ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ. ಕುರ್ಲಾ ಲೋಕಲ್ ಸ್ಟೇಷನ್ ಬೇರೆ. ಹಾರ್ಬರ್ ಲೈನಿನಲ್ಲಿ ಬರುವವರಿಗೆ ಹತ್ತಿರದ್ದು ತಿಲಕ್ ನಗರ. ಆ ಕಡೆ ಮಂಗಳೂರಲ್ಲೂ ಸೆಂಟ್ರಲ್ ಮತ್ತು ಜಂಕ್ಷನ್ ಎಂದು ಎರಡು. ಆದ್ದರಿಂದ ಚೀಟಿಯ ಮೊದಲ ಮನೆಯಲ್ಲಿ ಗಾಡಿಯ ಐದಂಕಿ ನಂಬರು, ಎರಡನೆಯದರಲ್ಲಿ ಟಿಕೆಟಿನ ಮೇಲಿದ್ದ ಹಾಗೆಯೇ ಸ್ಟೇಷನ್ ಹೆಸರು. ಗಾಡಿಯ ಹೆಸರು ಬರೆಯದಿದ್ದರೂ ಪರವಾಗಿಲ್ಲ.

ದಾದರ್ ವಿಷಯದಲ್ಲಿ ಹಳಬರ ಸಲಹೆಯೇ ದಾರಿ ತಪ್ಪಿಸುತ್ತಿದೆ. 2023ರ ಡಿಸೆಂಬರ್‌ನಲ್ಲಿ ಅಲ್ಲಿ ಪ್ಲಾಟ್‌ಫಾರ್ಮ್ ನಂಬರು ಬದಲಾಯಿತು. ಪಶ್ಚಿಮ ರೈಲ್ವೆಯದು 1ರಿಂದ 7 ಹಾಗೆಯೇ ಉಳಿಯಿತು, ಮಧ್ಯ ರೈಲ್ವೆಯದು 8ರಿಂದ 14 ಆಯಿತು. ‘ಐದನೇ ಪ್ಲಾಟ್‌ಫಾರ್ಮಿಗೆ ಬನ್ನಿ’ ಎಂದು ಹಳೆಯ ಲೆಕ್ಕದಲ್ಲಿ ಹೇಳಿದರೆ, ಮಧ್ಯ ರೈಲ್ವೆ ಕಡೆಯಿಂದ ಶರಾವತಿ ಎಕ್ಸ್‌ಪ್ರೆಸ್ ಹಿಡಿಯಬೇಕಾದವರು ಲಗೇಜು ಹೊತ್ತು ಪಶ್ಚಿಮದ ಕಡೆ ಇಳಿದುಬಿಡುತ್ತಾರೆ. ಹೀಗಾಗಿ ಉತ್ತರ ಕೊಡುವವರೂ ‘ನಾನು ಕೊನೆಯ ಸಲ ಅಲ್ಲಿಗೆ ಹೋದದ್ದು ಯಾವ ವರ್ಷ’ ಎಂದು ಬರೆಯಬೇಕು ಎಂಬ ಸಾಲು ಸೇರಿಸಿದ್ದೇವೆ.

ಜೂನ್

ತತ್ಕಾಲ್ ಬಗ್ಗೆ ಬಂದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ತೊಡಕಿನ ಮೂಲ ಸಿಕ್ಕಿತು. ತತ್ಕಾಲ್ ತೆರೆಯುವುದು ಎಸಿಗೆ ಬೆಳಿಗ್ಗೆ 10, ಎಸಿ ಅಲ್ಲದ್ದಕ್ಕೆ 11 ಗಂಟೆಗೆ, ಪ್ರಯಾಣದ ಹಿಂದಿನ ದಿನ. ಇದು ಎಲ್ಲರಿಗೂ ಗೊತ್ತು. ಆದರೆ ‘ಹಿಂದಿನ ದಿನ’ ಎಂಬುದನ್ನು ಎಣಿಸಬೇಕಾದದ್ದು ಗಾಡಿ ತನ್ನ ಮೊದಲ ಸ್ಟೇಷನ್ ಬಿಡುವ ದಿನದಿಂದ, ನೀವು ಹತ್ತುವ ದಿನದಿಂದಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಬೆಂಗಳೂರನ್ನು ರಾತ್ರಿ ಬಿಟ್ಟು ಕಲಬುರಗಿಗೆ ಮರುದಿನ ಬರುತ್ತದೆ. ಕಲಬುರಗಿಯಲ್ಲಿ 10ನೇ ತಾರೀಕು ಹತ್ತಿ ಮುಂಬಯಿಗೆ ಬರಬೇಕಾದವರಿಗೆ ಗಾಡಿಯ ತಾರೀಕು 9, ತತ್ಕಾಲ್ ತೆರೆಯುವುದು 8ಕ್ಕೆ. 9ರ ಬೆಳಿಗ್ಗೆ ಕೂತವರಿಗೆ ಸೀಟು ಸಿಗುವುದಿಲ್ಲ, ನೆಟ್‌ವರ್ಕನ್ನು ಬೈಯುತ್ತಾರೆ. ಚೀಟಿಯಲ್ಲಿ ಈಗ ಎರಡು ತಾರೀಕಿನ ಮನೆಗಳಿವೆ: ಗಾಡಿ ಹೊರಡುವ ದಿನ, ನಾನು ಹತ್ತುವ ದಿನ. ನಡುರಾತ್ರಿ ಹತ್ತುವವರಿಗೂ ಇದು ಬೇಕೇ ಬೇಕು. ಶನಿವಾರ ರಾತ್ರಿ 12.20 ಎಂದರೆ ಟಿಕೆಟಿನ ಮೇಲೆ ಭಾನುವಾರದ ತಾರೀಕು.

‘ವೇಟಿಂಗ್ 14, ಆಗುತ್ತದಾ?’ ಎಂಬುದಕ್ಕೆ ಯಾರೂ ಉತ್ತರ ಹೇಳಲಾರರು. ವೇಟಿಂಗ್ ಯಾವ ಜಾತಿಯದು ಎಂಬುದು ಮುಖ್ಯ. ಟಿಕೆಟಿನ ಮೇಲೆ ಕಾಣುವ ಜಿಎನ್‌ಡಬ್ಲ್ಯೂಎಲ್ (GNWL) ಸಾಮಾನ್ಯ ಪಟ್ಟಿ, ಅದು ಮುಂದಕ್ಕೆ ಸರಿಯುವ ಸಾಧ್ಯತೆ ಹೆಚ್ಚು. ನಡುವಿನ ಊರುಗಳ ಆರ್‌ಎಲ್‌ಡಬ್ಲ್ಯೂಎಲ್, ಹಲವು ಸಣ್ಣ ಸ್ಟೇಷನ್‌ಗಳಿಗೆ ಸೇರಿಸಿ ಕೊಟ್ಟ ಪಿಕ್ಯೂಡಬ್ಲ್ಯೂಎಲ್ ಎರಡರಲ್ಲೂ ಇರುವ ಸೀಟೇ ಕಮ್ಮಿ. ಅಲ್ಲಿ ಮುಖ್ಯವಾಗಿ ಅದೇ ಕೋಟಾದವರು ರದ್ದು ಮಾಡಿದರೆ ಜಾಗ. ಜಿಎನ್ 40ಕ್ಕೆ ಸೀಟು ಸಿಕ್ಕಿಬಿಡಬಹುದು, ಪಿಕ್ಯೂ 9 ಅಲ್ಲೇ ನಿಲ್ಲಬಹುದು.

ಕೊಂಕಣ ರೈಲ್ವೆಯ ಮಳೆಗಾಲದ ವೇಳಾಪಟ್ಟಿಗೆ ಪ್ರತ್ಯೇಕ ಸೂಚನೆ ಹಾಕಿದ್ದೇವೆ. ಬಹಳ ವರ್ಷ ಅದು ಜೂನ್ 10ರಿಂದ ಅಕ್ಟೋಬರ್ 31. 2025ರಲ್ಲಿ ಜೂನ್ 15ರಿಂದ ಅಕ್ಟೋಬರ್ 20 ಆಯಿತು. ಗುಡ್ಡ ಕಡಿದು ಹಾಕಿದ ಹಳಿಯ ಮೇಲೆ ಮಳೆಯಲ್ಲಿ ವೇಗ ತಗ್ಗಿಸುವುದರಿಂದ ಸಮಯವೆಲ್ಲ ಬದಲು. ಮೇ ತಿಂಗಳಲ್ಲಿ ಸರಿಯಾಗಿದ್ದ ಸಲಹೆ ಜುಲೈನಲ್ಲಿ ಗಾಡಿ ತಪ್ಪಿಸುತ್ತದೆ. ಹತ್ತುವ ಸ್ಟೇಷನ್‌ಗೆ ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ, ನೀವು ಪ್ರಯಾಣ ಬಿಟ್ಟರೆ ಪೂರ್ತಿ ಹಣ ವಾಪಸು. ಆದರೆ ಗಾಡಿ ನಿಜವಾಗಿ ಹೊರಡುವ ಮೊದಲೇ ಟಿಡಿಆರ್ (ಹಣ ವಾಪಸು ಕೇಳುವ ಅರ್ಜಿ) ಹಾಕಬೇಕು. ಮನೆಗೆ ಬಂದು ನಿಧಾನವಾಗಿ ಹಾಕೋಣ ಎಂದರೆ ಹಣ ಹೋಯಿತು.

ಗೋವಾಕ್ಕೆ ವಿಮಾನದಲ್ಲಿ ಹೋಗುವವರಿಗೆ ಒಂದೇ ಸಾಲು: ದಾಬೋಲಿಯೋ ಮೋಪಾನೋ? 2023ರ ಜನವರಿಯಿಂದ ಎರಡರಲ್ಲೂ ವಿಮಾನ ಇಳಿಯುತ್ತಿದೆ. ಟಿಕೆಟಿನಲ್ಲಿ ಜಿಓಐ ಇದ್ದರೆ ದಾಬೋಲಿ, ಜಿಓಎಕ್ಸ್ ಇದ್ದರೆ ಮೋಪಾ.

ಆಗಸ್ಟ್

ಪುಸ್ತಕದ ಚೀಟಿಗೆ ಹೆಚ್ಚು ಕೆಲಸ ಹಿಡಿಯಿತು, ಹಿಡಿಯಬೇಕಾದದ್ದೇ.

ಮೊದಲು ತೆಗೆದುಹಾಕಿದ್ದು ‘ರಟ್ಟಿನ ಬಣ್ಣ’ ಎಂಬ ಮನೆ. ಬಾಡಿಗೆ ಲೈಬ್ರರಿಗಳು ಪುಸ್ತಕ ಬಂದ ಕೂಡಲೇ ಮುಖಪುಟ ಕಿತ್ತು ಕ್ಯಾಲಿಕೊ ಇಲ್ಲವೇ ರೆಕ್ಸಿನ್ ಹಾಕಿ ಬೈಂಡ್ ಮಾಡಿಸುತ್ತಿದ್ದವು. ‘ಕೆಂಪು ರಟ್ಟಿನ ದಪ್ಪ ಕಾದಂಬರಿ’ ಎಂದರೆ ಅದು ಬೈಂಡರ್ ಬಳಿ ಅವತ್ತು ಇದ್ದ ಬಟ್ಟೆಯ ಬಣ್ಣ, ಅಷ್ಟೇ.

ಅದರ ಬದಲು ಕೇಳುತ್ತಿರುವುದು ಪುಟದ ರೂಪ. ಒಂದು ಪುಟದಲ್ಲಿ ಎರಡು ಮೂರು ಕಾಲಂ ಇತ್ತೇ? ಕೆಳಗೆ ತಲೆನೋವಿನ ಮಾತ್ರೆಯದೋ ಸೋಪಿನದೋ ಜಾಹೀರಾತು ಉಳಿದಿತ್ತೇ? ಅಧ್ಯಾಯದ ಕೊನೆಗೆ ‘ಮುಂದುವರಿಯುವುದು’ ಎಂದಿತ್ತೇ? ಹಾಗಿದ್ದರೆ ಅದು ಅಂಗಡಿಯಲ್ಲಿ ಮಾರಿದ ಪುಸ್ತಕವಲ್ಲ. ಸುಧಾ, ಪ್ರಜಾಮತ, ತರಂಗದ ಧಾರಾವಾಹಿಯ ಹಾಳೆಗಳನ್ನು ಮನೆಯವರು ಕತ್ತರಿಸಿ ಹೊಲಿಸಿಟ್ಟದ್ದು. ಅಂಥದ್ದಕ್ಕೆ ಹೆಸರಿನ ಪುಟವೇ ಇರುವುದಿಲ್ಲ. ಸಣ್ಣ ಆಕಾರದ ಪತ್ರಿಕೆಯ ಕೊನೆಯಲ್ಲಿ ಓದಿದ ನೆನಪಿದ್ದರೆ ‘ಕಸ್ತೂರಿ’ಯ ಪುಸ್ತಕ ವಿಭಾಗ ನೋಡಬೇಕು, ಅಲ್ಲಿ ಬರುತ್ತಿದ್ದದ್ದು ಸಂಗ್ರಹ ರೂಪ, ಮೂಲ ಗ್ರಂಥ ಇನ್ನೆಲ್ಲೋ ಇರುತ್ತದೆ.

ಕಾಲ ಗೊತ್ತುಮಾಡಲು ಬೆಲೆಯಷ್ಟು ಒಳ್ಳೆಯ ಸಾಕ್ಷಿ ಬೇರೊಂದಿಲ್ಲ. ರೂ. 1-8-0 ಎಂದಿದ್ದರೆ ಒಂದು ರೂಪಾಯಿ ಎಂಟಾಣೆ, ಅಂದರೆ ದಶಮಾಂಶ ನಾಣ್ಯ ಬಂದ 1957ರ ಏಪ್ರಿಲ್‌ಗಿಂತ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವೆ, ಹೆಚ್ಚೆಂದರೆ ಸ್ವಲ್ಪ ಆಚೆಗೆ. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಬೆಂಗಳೂರು-2’ ಎಂದು ಹಳೆಯ ಅಂಚೆ ವಲಯದ ನಂಬರಷ್ಟೇ ಇದ್ದರೆ ಹಳೆಯದಿರಬಹುದು, ಆದರೆ ಆ ರೂಢಿ ಆಮೇಲೂ ನಡೆಯಿತು, ಅದೊಂದನ್ನೇ ನಂಬಬೇಡಿ. ‘ಮೈಸೂರು ರಾಜ್ಯ’ ಎಂದಿದ್ದರೆ 1973ರ ನವೆಂಬರ್‌ಗಿಂತ ಹಿಂದೆ. ಪುಸ್ತಕದ ಗುರುತಿನ ನಂಬರಾದ ಐಎಸ್‌ಬಿಎನ್ ಕಾಣದಿದ್ದರೆ ಚಿಂತೆ ಬೇಡ, ಭಾರತದಲ್ಲಿ ಅದು ಶುರುವಾದದ್ದೇ 1985ರಲ್ಲಿ.

ಪುಸ್ತಕ ಕೈಯಲ್ಲಿದ್ದು ಮೊದಲ ಹಾಳೆಗಳು ಮಾತ್ರ ಹೋಗಿದ್ದರೆ ಪುಟದ ಹಿಂಬದಿಯ ಮೇಲೆ ಬೆರಳಾಡಿಸಿ. ಅಕ್ಷರ ಉಬ್ಬಿ ಕೈಗೆ ತಾಗಿದರೆ ಮೊಳೆಯಚ್ಚು, ಅಂದರೆ ಸೀಸದ ಮೊಳೆ ಜೋಡಿಸಿ ಒತ್ತಿದ ಹಳೆಯ ಮುದ್ರಣ. ನುಣ್ಣಗಿದ್ದರೆ ಆಫ್‌ಸೆಟ್, ಬಹುಪಾಲು ಈಚಿನ ಮುದ್ರಣ. ಪುಟದ ನೆತ್ತಿಯ ಮೇಲೆ ಒಂದು ಕಡೆ ಪುಸ್ತಕದ ಹೆಸರು, ಇನ್ನೊಂದು ಕಡೆ ಅಧ್ಯಾಯದ ಹೆಸರು ಹಾಕುವ ಪದ್ಧತಿ ಇತ್ತು. ಇದನ್ನು ನೋಡದೆಯೇ ಪ್ರಶ್ನೆ ಕೇಳುವವರು ಬಹಳ.

ಕಥೆಯ ಸಾರಾಂಶಕ್ಕೆ ಎರಡೇ ಸಾಲಿನ ಜಾಗ ಬಿಟ್ಟಿದ್ದೇವೆ, ಪಾತ್ರಗಳ ಹೆಸರಿಗೆ ದೊಡ್ಡ ಮನೆ. ‘ಮುಂಬಯಿ ಬದುಕಿನ ಕಾದಂಬರಿ’ ಎಂದರೆ ಹತ್ತಾರು ಹೆಸರು ಬರುತ್ತವೆ. ‘ಕಂಪನಿ ಅಧಿಕಾರಿ, ಅಮಾನತು, ಹೆಸರು ನಾಗಪ್ಪ’ ಎಂದರೆ ಯಶವಂತ ಚಿತ್ತಾಲರ ‘ಶಿಕಾರಿ’ ಎಂದು ಓದಿದವರು ತಕ್ಷಣ ಹೇಳುತ್ತಾರೆ. ಪತ್ತೇದಾರಿ ಕಾದಂಬರಿಗಂತೂ ಪತ್ತೇದಾರನ ಹೆಸರು ಸಾಕು: ಪುರುಷೋತ್ತಮ ಎಂದರೆ ಎನ್. ನರಸಿಂಹಯ್ಯನವರ ಕಪಾಟಿಗೇ ಹೋಗಬೇಕು. ಅವರದು ನೂರಾರು ಇರುವುದರಿಂದ ಕೊಲೆ ನಡೆದ ಜಾಗವನ್ನೂ ಬರೆಯಿರಿ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಸ್ಕ್ಯಾನ್‌ಗಳಲ್ಲಿ ಹುಡುಕುವಾಗ ಕನ್ನಡದಲ್ಲಿ ಟೈಪಿಸಿದರೆ ಅನೇಕ ಪುಸ್ತಕ ಕಾಣುವುದೇ ಇಲ್ಲ. ಹೆಸರುಗಳನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿದ್ದಾರೆ. ದೀರ್ಘ ಬಿಟ್ಟು, ಒತ್ತಕ್ಷರ ಬಿಟ್ಟು, ಶ-ಷ-ಸ ಬದಲಿಸಿ ಹುಡುಕಿ. ಅದೂ ಆಗದಿದ್ದರೆ ಲೇಖಕರ ಹೆಸರಿನ ಒಂದೇ ಪದ ಹಾಕಿ.

ಈಗ

ಟಿಕೆಟಿನ ಫೋಟೊ ಹಾಕಿ ಸಲಹೆ ಕೇಳುವುದನ್ನು ಪೂರ್ತಿ ನಿಲ್ಲಿಸಿದ್ದೇವೆ. ಪಿಎನ್‌ಆರ್, ಫೋನ್ ನಂಬರು ಕಂಡರೆ ‘ರೀಫಂಡ್ ಕೊಡುತ್ತೇವೆ’ ಎಂದು ಫೋನ್ ಮಾಡಿ ಓಟಿಪಿ ಕೇಳುವವರು ಕಾದಿರುತ್ತಾರೆ. ಸಲಹೆಗೆ ಬೇಕಾದದ್ದು ಗಾಡಿ ನಂಬರು, ಕ್ಲಾಸು, ಕೋಟಾ, ವೇಟಿಂಗ್ ಜಾತಿ ಮಾತ್ರ.

ಮುಂದಿನ ಕೆಲಸ ಮುಂಬಯಿಯ ಟೌನ್‌ಹಾಲ್ ಕಟ್ಟಡದ ಸೆಂಟ್ರಲ್ ಲೈಬ್ರರಿಯಲ್ಲಿ ಹುಡುಕುವುದು. 1954ರ ಕಾಯ್ದೆಯ ಪ್ರಕಾರ ದೇಶದಲ್ಲಿ ಅಚ್ಚಾದ ಪ್ರತಿ ಪುಸ್ತಕದ ಒಂದೊಂದು ಪ್ರತಿ ಸೇರಬೇಕಾದ ನಾಲ್ಕು ಲೈಬ್ರರಿಗಳಲ್ಲಿ ಅದೂ ಒಂದು. ಉಳಿದವು ಕೋಲ್ಕತ್ತ, ಚೆನ್ನೈ, ದೆಹಲಿ. ಎಲ್ಲ ಪ್ರಕಾಶಕರೂ ಕಳಿಸಿರಲಾರರು. ಆದರೂ ಕಾಲ ಮತ್ತು ಪ್ರಕಾಶಕರ ಊರು ಗೊತ್ತಾಗಿ ಹೆಸರು ಮಾತ್ರ ಸಿಗದ ಚೀಟಿಗಳನ್ನು ಬೇರೆ ಕಟ್ಟಿಟ್ಟಿದ್ದೇವೆ. ಅವನ್ನು ವರ್ಷದ ಪ್ರಕಾರ ಜೋಡಿಸಿ, ಧಾರವಾಡದ ಪ್ರಕಾಶಕರದ್ದು ಮೊದಲು ನೋಡುವುದು ಎಂದಾಗಿದೆ.