ಅದು ಕಳಚಿ ಬಿದ್ರೆ ಎಂತ ಮಾಡುದು?

ನಾಲ್ಕು ವರ್ಷದ ಹಿಂದೆ ನನ್ನ ಹೃದಯದ ತೂತು ಮುಚ್ಚಲು ಒಂದು ಡಿವೈಸ್ ಹಾಕಿದರು. ಅವತ್ತಿನಿಂದ ಮದುವೆ ಮನೆಯಲ್ಲಿ, ಸಿಟಿ ಬಸ್ಸಿನಲ್ಲಿ, ಉಡುಪಿಯ ರಥಬೀದಿಯಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ. "ಅದು ಕಳಚಿ ಬಿದ್ರೆ ಎಂತ ಮಾಡುದು?" ಸುಮ್ನೆ ಕೇಳುವುದಲ್ಲ, ಹೆದರಿ ಕೇಳುತ್ತಾರೆ. ಕೆಲವರ ಮನೆಯಲ್ಲೇ ಅಂಥ ಮಗು ಇರುತ್ತದೆ. ಹಾಗಾಗಿ ಒಮ್ಮೆ ಸರಿಯಾಗಿ ಬರೆದಿಡುತ್ತೇನೆ.

ಮೊದಲು ತೂತಿನ ಕಥೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಗೋಡೆ ಇದೆ. ನನ್ನ ಗೋಡೆಯ ಮಧ್ಯದಲ್ಲಿ ಹುಟ್ಟಿನಿಂದಲೇ ಕಿರುಬೆರಳು ತೂರುವಷ್ಟು ತೂತು. ಡಾಕ್ಟರು ಇದಕ್ಕೆ ಎಎಸ್‌ಡಿ ಅನ್ನುತ್ತಾರೆ. ಶ್ವಾಸಕೋಶಕ್ಕೆ ಹೋಗಿ ಬಂದ ಒಳ್ಳೆ ರಕ್ತ ಮೈಗೆ ಹೋಗಬೇಕು. ಅದರಲ್ಲಿ ಒಂದು ಪಾಲು ಈ ತೂತಿನಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಮಾಡಿದ ಕೆಲಸವನ್ನೇ ಮತ್ತೆ ಮತ್ತೆ ಮಾಡಿ ಹೃದಯದ ಬಲಭಾಗ ಹಿಗ್ಗುತ್ತದೆ. ನೋವು ಇಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಅಷ್ಟೆ. ವರ್ಷಗಟ್ಟಲೆ ನನಗೆ ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಯಾರೂ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿ ಅನ್ನಲಿಲ್ಲ. ಮೂವತ್ತೇಳು ದಾಟಿದ ಮೇಲೆ ಒಬ್ಬ ಡಾಕ್ಟರು ಸ್ಟೆತಸ್ಕೋಪ್ ಇಟ್ಟು ಎರಡು ನಿಮಿಷ ಸುಮ್ಮನೆ ಕೇಳಿದರು, ಆಗ ಗೊತ್ತಾಯಿತು. ಆ ಎರಡು ನಿಮಿಷಕ್ಕೆ ನಾನು ಇವತ್ತಿಗೂ ಋಣಿ.

ಈಗ ಡಿವೈಸ್. ನಿಕ್ಕಲ್ ಮತ್ತು ಟೈಟಾನಿಯಂ ಸೇರಿದ ನಿಟಿನಾಲ್ ಎಂಬ ಲೋಹದ ತಂತಿಯಿಂದ ಹೆಣೆದ ಬಲೆ ಅದು. ಎರಡು ಪುಟ್ಟ ತಟ್ಟೆ, ನಡುವೆ ಒಂದು ಸೊಂಟ. ಡಮರು ನೋಡಿದ್ದೀರಲ್ವಾ, ಅದನ್ನು ಚಪ್ಪಟೆ ಮಾಡಿದ ಹಾಗೆ. ನಿಟಿನಾಲ್‌ಗೆ ತನ್ನ ಆಕಾರ ನೆನಪಿರುತ್ತದೆ. ಎಳೆದು ಉದ್ದ ಮಾಡಿ ಸಪೂರ ನಳಿಕೆಯೊಳಗೆ ತುಂಬಿದರೂ, ಹೊರಗೆ ಬಂದ ಕೂಡಲೇ ಮತ್ತೆ ಡಮರು ಆಗುತ್ತದೆ.

ಎದೆ ಸೀಳುವುದಿಲ್ಲ. ತೊಡೆಸಂದಿಯ ರಕ್ತನಾಳದಿಂದ ನಳಿಕೆ ಮೇಲೆ ಹೋಗುತ್ತದೆ, ತೂತು ದಾಟಿ ಎಡಕೋಣೆಗೆ. ಅಲ್ಲಿ ಒಂದು ತಟ್ಟೆ ಅರಳುತ್ತದೆ. ಅದನ್ನು ಹಿಂದಕ್ಕೆ ಎಳೆದು ಗೋಡೆಗೆ ಒತ್ತುತ್ತಾರೆ. ಆಮೇಲೆ ಬಲಗಡೆ ಎರಡನೇ ತಟ್ಟೆ. ಸೊಂಟ ತೂತಿನಲ್ಲೇ ಕೂರುತ್ತದೆ. ಗೋಡೆ ನಡುವೆ, ಎರಡು ಬದಿಗೆ ತಟ್ಟೆ. ತಟ್ಟೆ ತೂತಿಗಿಂತ ಅಗಲ. ಬೀಳಬೇಕಾದರೆ ಆ ತೂತಿನಲ್ಲೇ ತೂರಿ ಹೋಗಬೇಕು.

ಇನ್ನೊಂದು ಮಾತು ನನಗೆ ತುಂಬಾ ಧೈರ್ಯ ಕೊಟ್ಟಿತು. ಡಿವೈಸ್ ಬಿಡುವ ಮೊದಲು ಅದು ಕೇಬಲ್ಲಿನ ತುದಿಗೆ ತಿರುಪಿನಲ್ಲಿ ಸಿಕ್ಕಿಸಿಯೇ ಇರುತ್ತದೆ. ಡಾಕ್ಟರು ಅದನ್ನು ಎಳೆದು, ತಳ್ಳಿ ನೋಡುತ್ತಾರೆ. ಅಲುಗಾಡಿದರೆ, ಅಳತೆ ಸರಿ ಇಲ್ಲದಿದ್ದರೆ, ವಾಪಸ್ ನಳಿಕೆಗೆ ಎಳೆದುಕೊಳ್ಳಬಹುದು. ಗಟ್ಟಿ ಇದೆ ಅಂತ ಎಕೋದಲ್ಲಿ ನೋಡಿದ ಮೇಲೆಯೇ ತಿರುಪು ಬಿಚ್ಚುವುದು.

ಆಮೇಲಿನ ಕೆಲಸ ನಮ್ಮ ಮೈಯದ್ದು. ಮನೆ ಹಿತ್ತಲಿನ ಬಸಳೆ ಚಪ್ಪರ ನೆನಪು ಮಾಡಿಕೊಳ್ಳಿ. ಮೊದಲು ಬರೀ ಕೋಲು, ತಂತಿ. ಬಳ್ಳಿ ಹಬ್ಬಿದ ಮೇಲೆ ತಂತಿ ಕಾಣುವುದೇ ಇಲ್ಲ. ಹಾಗೆಯೇ ಬಲೆಯ ಮೇಲೆ ಹೃದಯದ ಒಳಪದರ ಹಬ್ಬುತ್ತದೆ, ಮೂರರಿಂದ ಆರು ತಿಂಗಳು. ಅಲ್ಲಿಯವರೆಗೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ತೆಗೆದುಕೊಳ್ಳಬೇಕು, ಭಾರ ಎತ್ತುವುದು ಬೇಡ, ಹಲ್ಲು ಕೀಳಿಸುವುದಿದ್ದರೆ ಮೊದಲೇ ಹೇಳಿ ಆಂಟಿಬಯೋಟಿಕ್ ಪಡೆಯಬೇಕು. ಆಮೇಲೆ ಅದು ನಿಮ್ಮದೇ ಗೋಡೆ.

ಹಾಗಾದರೆ ಕಳಚುವುದೇ ಇಲ್ವಾ? ಕಳಚುತ್ತದೆ, ಅಪರೂಪಕ್ಕೆ. ನೂರರಲ್ಲಿ ಒಂದರ ಆಸುಪಾಸು, ಅದೂ ಹೆಚ್ಚಾಗಿ ಮೊದಲ 24 ಗಂಟೆಯೊಳಗೆ. ಅದಕ್ಕೇ ರಾತ್ರಿ ಆಸ್ಪತ್ರೆಯಲ್ಲಿ ಇಟ್ಟುಕೊಂಡು ಮರುದಿನ ಎಕೋ ಮಾಡುವುದು. ಜಾರಿದರೂ ನಳಿಕೆಯಿಂದಲೇ ಹಿಡಿದು ತೆಗೆಯುವುದುಂಟು, ಆಗದಿದ್ದರೆ ಆಪರೇಷನ್. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ತೀರಾ ವಿರಳವಾಗಿ ತಟ್ಟೆಯ ಅಂಚು ಹೃದಯದ ಗೋಡೆಯನ್ನು ಸವೆಸಬಹುದು, ವರ್ಷಗಳ ನಂತರವೂ. ಎದೆನೋವು, ತಲೆಸುತ್ತು, ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತಾದರೆ ಗ್ಯಾಸ್ ಅಂತ ಕೂರಬೇಡಿ, ದಯವಿಟ್ಟು. ಗಿಲೀಟು ಓಲೆ ಹಾಕಿದರೆ ಕಿವಿ ತುರಿಸುವವರು ಅದನ್ನೂ ಮೊದಲೇ ಹೇಳಿ, ನಿಕ್ಕಲ್ ಅಲರ್ಜಿ ಇರಬಹುದು.

ಎಲ್ಲ ತೂತಿಗೂ ಡಿವೈಸ್ ಬೇಕಿಲ್ಲ, ಎಲ್ಲ ತೂತಿಗೂ ಆಗುವುದೂ ಇಲ್ಲ. ಮಕ್ಕಳ ಸಣ್ಣ ತೂತು ಎಷ್ಟೋ ಸಲ ತಾನೇ ಮುಚ್ಚುತ್ತದೆ. ಗೋಡೆಯ ತುದಿಯಲ್ಲಿ ತೂತು ಇದ್ದರೆ, ತಟ್ಟೆಗೆ ಹಿಡಿಯಲು ಅಂಚು ಸಿಗದಿದ್ದರೆ, ಆಪರೇಷನ್ನೇ ಸರಿ. ಇನ್ನು ಪಿಎಫ್‌ಒ. ತಾಯಿಯ ಹೊಟ್ಟೆಯಲ್ಲಿದ್ದಾಗ ಇದೇ ಗೋಡೆಯಲ್ಲಿ ಎಲ್ಲರಿಗೂ ಇರುವ ದಾರಿ ಅದು, ದೊಡ್ಡವರಲ್ಲೂ ನಾಲ್ವರಲ್ಲಿ ಒಬ್ಬರಿಗೆ ಪೂರ್ತಿ ಮುಚ್ಚಿರುವುದಿಲ್ಲ. ಅವರಲ್ಲಿ ಹೆಚ್ಚಿನವರಿಗೆ ಏನೂ ಬೇಕಾಗಿಲ್ಲ. ಅರವತ್ತರ ಒಳಗೆ, ಬೇರೆ ಕಾರಣ ಸಿಗದೆ ಸ್ಟ್ರೋಕ್ ಆದವರಲ್ಲಿ ಕೆಲವರಿಗೆ ಮುಚ್ಚಿದರೆ ಮತ್ತೆ ಸ್ಟ್ರೋಕ್ ಆಗುವುದು ಕಡಿಮೆ. 2017ರಲ್ಲಿ ಒಟ್ಟಿಗೆ ಪ್ರಕಟವಾದ ಮೂರು ಅಧ್ಯಯನಗಳು ಇದನ್ನು ತೋರಿಸಿದವು.

ಈ ಪ್ರಶ್ನೆಯನ್ನು ಕೊನೆಯ ಸಲ ಕೇಳಿದ್ದು ನಮ್ಮ ಪಕ್ಕದ ಮನೆಯವರು. ಅಂಗನವಾಡಿಗೆ ಬಂದ ಆರೋಗ್ಯ ತಂಡ ಅವರ ಮಗಳ ಎದೆಯಲ್ಲಿ ಸದ್ದು ಕೇಳಿಸಿದೆ ಎಂದು ಚೀಟಿ ಬರೆದು ಕೊಟ್ಟಿದೆ. ಚೀಟಿ ಎರಡು ವಾರದಿಂದ ದೇವರ ಕೋಣೆಯಲ್ಲೇ ಇತ್ತು. ಮಣಿಪಾಲದಲ್ಲಿ ಗುರುವಾರ ಎಕೋ. ನಾನೂ ಜೊತೆಗೆ ಹೋಗುತ್ತಿದ್ದೇನೆ.